ಹತ್ತು ಗಜ, ಒಂದು ಪಿಸ್ತೂಲು: ರೋಲ್‌ಪ್ಲೇ ಆಟಗಳ ಬಂದೂಕು ನಿಯಮಗಳ ಪರೀಕ್ಷೆ

ಟೇಬಲ್ ಸುತ್ತ ಕೂತು ದಾಳ ಉರುಳಿಸಿ ಆಡುವ ರೋಲ್‌ಪ್ಲೇ ಆಟಗಳಲ್ಲಿ ಕತ್ತಿಯ ನಿಯಮ ಹೇಗಿದ್ದರೂ ಯಾರೂ ಹೆಚ್ಚು ತಕರಾರು ಎತ್ತುವುದಿಲ್ಲ. ಬಂದೂಕು ಬಂದೊಡನೆ ವಾದ ಶುರುವಾಗುತ್ತದೆ. ಗುಂಡು ತಗುಲಿದರೆ ಮನುಷ್ಯ ಸಾಯಬೇಕು ಎನ್ನುವವರು ಒಂದು ಕಡೆ. ತಿಂಗಳುಗಟ್ಟಲೆ ಬೆಳೆಸಿದ ಪಾತ್ರ ಒಂದೇ ದಾಳಕ್ಕೆ ಹೋಗುವುದಾದರೆ ಆಡುವುದೇಕೆ ಎನ್ನುವವರು ಇನ್ನೊಂದು ಕಡೆ. ಇಬ್ಬರ ಕಣ್ಣೂ ಡ್ಯಾಮೇಜ್ ಅಂಕಿಯ, ಅಂದರೆ ಒಂದು ಏಟು ಎಷ್ಟು ಹಾನಿ ಮಾಡುತ್ತದೆ ಎಂಬುದರ ಮೇಲೇ. ನನ್ನ ಪ್ರಕಾರ ನೋಡಬೇಕಾದ್ದು ಬೇರೆ. ಗುಂಡು ಹಾರತೊಡಗಿದಾಗ ಆಟಗಾರ ಏನು ಮಾಡುತ್ತಾನೆ? ಗೋಡೆಯ ಮರೆ ಸೇರುತ್ತಾನೆಯೇ, ಒಂದು ಕ್ಷಣ ನಿಂತು ಗುರಿ ಹಿಡಿಯುತ್ತಾನೆಯೇ, ಮ್ಯಾಗಜೀನಿನಲ್ಲಿ ಎಷ್ಟು ಉಳಿದಿದೆ ಎಂದು ಯೋಚಿಸುತ್ತಾನೆಯೇ, ಓಟ ಕೀಳುತ್ತಾನೆಯೇ? ಇಂಥ ತೀರ್ಮಾನಗಳನ್ನು ಆಟಗಾರನಿಂದ ಮಾಡಿಸುವ ನೈಜತೆ ಬೇಕೇ ಬೇಕು, ಮಜಾ ಇರುವುದೂ ಅಲ್ಲೇ. ತೀರ್ಮಾನ ಬದಲಾಗದೆ ಕೂಡು-ಕಳೆ ಮಾತ್ರ ಹೆಚ್ಚಿದರೆ ಅಂಥ ನೈಜತೆ ಯಾರಿಗೂ ಬೇಡ.

ಹೀಗಾಗಿ ಎಲ್ಲ ಪುಸ್ತಕಗಳಿಗೂ ಒಂದೇ ಪರೀಕ್ಷೆ ಇಟ್ಟಿದ್ದೇನೆ. ಹತ್ತು ಗಜ ದೂರ, ಅಂದರೆ ಮೂವತ್ತು ಅಡಿ, ಸುಮಾರು 9 ಮೀಟರ್. ಕೈಯಲ್ಲಿ 9 ಮಿಮೀ ಪಿಸ್ತೂಲು. ಹಿಡಿದವನಿಗೆ ಸಾಧಾರಣ ತರಬೇತಿ ಇದೆ. ಎದುರಿಗೆ ಒಬ್ಬ ವಯಸ್ಕ.

ಹೋಲಿಕೆಗೆ ಮೊದಲು ನಿಜಜೀವನದ ಎರಡು ವಿಷಯ ಗೊತ್ತಿರಬೇಕು. ನ್ಯೂಯಾರ್ಕ್ ಪೊಲೀಸರ ಬಂದೂಕು ತರಬೇತಿಯ ಬಗ್ಗೆ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ 2008ರಲ್ಲಿ ಕೊಟ್ಟ ವರದಿಯ ಪ್ರಕಾರ, 1998ರಿಂದ 2006ರ ನಡುವೆ ಎದುರಾಳಿ ತಿರುಗಿ ಗುಂಡು ಹಾರಿಸುತ್ತಿದ್ದಾಗ ಪೊಲೀಸರು ಹಾರಿಸಿದ ಗುಂಡುಗಳಲ್ಲಿ ಶೇ 18ರಷ್ಟು ಮಾತ್ರ ತಗುಲಿದವು. ಎದುರಾಳಿ ಗುಂಡು ಹಾರಿಸದಿದ್ದಾಗ ಶೇ 30. ತರಬೇತಾದ ಕೈ ಕೂಡ ಹೆದರಿದಾಗ ಗುರಿ ತಪ್ಪುತ್ತದೆ. ಎರಡನೆಯದು, ತಗುಲಿದ ಗುಂಡು ತಕ್ಷಣ ಕೆಡವುತ್ತದೆ ಎಂಬ ಭರವಸೆಯೂ ಇಲ್ಲ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಎಫ್‌ಬಿಐಗೂ ಇಬ್ಬರು ದರೋಡೆಕೋರರಿಗೂ ನಡೆದ ಕಾಳಗದಲ್ಲಿ ಒಬ್ಬನಿಗೆ ಆರಂಭದಲ್ಲೇ 9 ಮಿಮೀ ಗುಂಡು ತೋಳು ಹಾದು ಎದೆಗೆ ಹೊಕ್ಕಿತು, ಆದರೆ ಹೃದಯ ಮುಟ್ಟುವ ಮೊದಲೇ ನಿಂತಿತು. ಆತ ಹೋರಾಡುತ್ತಲೇ ಹೋದ. ಇಬ್ಬರು ಏಜೆಂಟರು ಸತ್ತರು, ಐವರು ಗಾಯಗೊಂಡರು. ಗುಂಡು, ಪರೀಕ್ಷೆಗೆ ಮಾಂಸದ ಬದಲು ಬಳಸುವ ಜೆಲಾಟಿನ್‌ನಲ್ಲಿ ಕನಿಷ್ಠ 12 ಇಂಚು ಇಳಿಯಬೇಕು ಎಂಬ ಎಫ್‌ಬಿಐ ಮಾನದಂಡ ಬಂದದ್ದು ಆ ಘಟನೆಯ ನಂತರವೇ. ಆದ್ದರಿಂದ "ಒಂದು ಗುಂಡು, ಒಂದು ಸಾವು" ಎಂಬುದನ್ನು ನೈಜತೆಯ ಹೆಸರಲ್ಲಿ ಕೇಳುವವರ ಬಳಿ ಆಧಾರ ಕಡಿಮೆ. ಹಾಗೆಂದು ಐದು ಗುಂಡು ತಿಂದವನು ಮೊದಲಿನ ಚುರುಕಿನಲ್ಲೇ ಓಡಾಡುವುದನ್ನೂ ಒಪ್ಪಲಾಗದು.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಶುರು ಮಾಡೋಣ. ಐದನೇ ಆವೃತ್ತಿಯಲ್ಲಿ ಹಳೆಯ ಕಾಲದ ಪಿಸ್ತೂಲಿಗೆ 1ಡಿ10, ಮಸ್ಕೆಟ್ ಕೋವಿಗೆ 1ಡಿ12 ಡ್ಯಾಮೇಜ್ (1ಡಿ10 ಎಂದರೆ ಹತ್ತು ಮುಖದ ಒಂದು ದಾಳ). 2014ರಲ್ಲಿ ಇವು ಐಚ್ಛಿಕ ನಿಯಮವಾಗಿದ್ದವು, 2024ರಲ್ಲಿ ಮುಖ್ಯ ಆಯುಧಪಟ್ಟಿಗೇ ಬಂದವು. ಆಧುನಿಕ ಆಟೋಮ್ಯಾಟಿಕ್ ಪಿಸ್ತೂಲಿಗೆ 2ಡಿ6, ಸಾಮಾನ್ಯ ದೂರ 50 ಅಡಿ, 15 ಗುಂಡು. ನಮ್ಮ ಪರೀಕ್ಷೆಗೆ ಇಟ್ಟರೆ, ಡೆಕ್ಸ್ಟೆರಿಟಿ (ಚುರುಕು) 16 ಇರುವ ಮೊದಲ ಹಂತದ ಯೋಧ ಆರ್ಮರ್ ಕ್ಲಾಸ್ (ತಗುಲಲು ದಾಳದ ಮೊತ್ತ ಮುಟ್ಟಬೇಕಾದ ಅಂಕಿ) 10ರ ಸಾಮಾನ್ಯನ ಮೇಲೆ ಗುಂಡು ಹಾರಿಸಿದರೆ ಶೇ 80 ತಗುಲುತ್ತದೆ. ಆ ಸಾಮಾನ್ಯನಿಗೆ 4 ಹಿಟ್ ಪಾಯಿಂಟ್, ಅಂದರೆ ಅಷ್ಟು ಡ್ಯಾಮೇಜ್ ಆದರೆ ಅವನ ಕಥೆ ಮುಗಿಯಿತು. 2ಡಿ6+3ರಲ್ಲಿ ಬರುವ ಕನಿಷ್ಠ ಡ್ಯಾಮೇಜೇ 5. ತಗುಲಿದರೆ ಸತ್ತಂತೆ. ಅದೇ ಪಿಸ್ತೂಲನ್ನು ಐದನೇ ಹಂತದ ಯೋಧನೊಬ್ಬನ ಮೇಲೆ ತಿರುಗಿಸಿ. ಕಾನ್ಸ್ಟಿಟ್ಯೂಶನ್ (ದೇಹದ ಗಟ್ಟಿತನ) 14 ಇದ್ದರೆ ಅವನ ಬಳಿ 44 ಹಿಟ್ ಪಾಯಿಂಟ್; ಸರಾಸರಿ 10ರಂತೆ ಐದು ಗುಂಡು ಬೇಕು. ನಾಲ್ಕು ತಿಂದ ಮೇಲೂ ಅವನ ಗುರಿ, ಓಟ, ಹೊಡೆತ ಯಾವುದೂ ಒಂದಿಷ್ಟೂ ಕುಗ್ಗುವುದಿಲ್ಲ.

ಇದನ್ನು ದೋಷ ಎನ್ನಲಾರೆ, ಆ ಆಟ ಇರುವುದೇ ವೀರರ ಕಥೆಗಾಗಿ. ತೊಂದರೆ ಇರುವುದು ಬೇರೆ ಎರಡು ಕಡೆ. ಮಸ್ಕೆಟ್‌ನ ವ್ಯಾಪ್ತಿ 40/120 ಅಡಿ (ಸಾಮಾನ್ಯ ದೂರ/ಗರಿಷ್ಠ ದೂರ), ಉದ್ದ ಬಿಲ್ಲಿನದು 150/600. 130 ಅಡಿ ದೂರದವನ ಮೇಲೆ ಮಸ್ಕೆಟ್ ಹಾರಿಸಲು ನಿಯಮವೇ ಬಿಡುವುದಿಲ್ಲ, ಬಿಲ್ಲುಗಾರ ಮಾತ್ರ ಆರಾಮಾಗಿ ಬಾಣ ಬಿಡುತ್ತಾನೆ. ಬಂದೂಕು ಕೊಂಡವನಿಗೆ ಮುನ್ನುಗ್ಗುವುದೊಂದೇ ದಾರಿ; ದೂರ ನಿಲ್ಲುವ, ಮರೆಯಿಂದ ಹೊಡೆಯುವ ಬುದ್ಧಿವಂತಿಕೆಗೆ ಬೆಲೆ ಇಲ್ಲ. ಅದಕ್ಕಿಂತ ಕೆಟ್ಟದ್ದು ಬರ್ಸ್ಟ್ ಫೈರ್. ಹತ್ತು ಗುಂಡು ಖರ್ಚು ಮಾಡಿ ಹತ್ತಡಿ ಘನದ ಜಾಗಕ್ಕೆ ಸುರಿಸಿದರೆ ಒಳಗಿದ್ದವರು ಡೆಕ್ಸ್ಟೆರಿಟಿ ಸೇವ್ (ತಪ್ಪಿಸಿಕೊಳ್ಳುವ ದಾಳ) ಉರುಳಿಸಬೇಕು, ಮುಟ್ಟಬೇಕಾದ ಗುರಿಸಂಖ್ಯೆ 15. ಈ ಹದಿನೈದು ಯಾರು ಹಾರಿಸಿದರೂ ಹದಿನೈದೇ. ಜೀವನದಲ್ಲಿ ಮೊದಲ ಬಾರಿ ರೈಫಲ್ ಹಿಡಿದವನಿಗೂ ಇಪ್ಪತ್ತನೇ ಹಂತದ ಗುರಿಕಾರನಿಗೂ ಒಂದೇ ಫಲ. ತಿದ್ದುಪಡಿ ಸುಲಭ: ಮಂತ್ರಗಳಿಗಿರುವಂತೆ 8ಕ್ಕೆ ಪ್ರೊಫಿಶಿಯೆನ್ಸಿ (ಪಳಗಿದ್ದಕ್ಕೆ ಸಿಗುವ ಅಂಕ) ಮತ್ತು ಡೆಕ್ಸ್ಟೆರಿಟಿ ಅಂಕ ಕೂಡಿಸಿ. ಮೊದಲ ಹಂತದ ನಮ್ಮ ಯೋಧನಿಗೆ ಅದು 13 ಆಗುತ್ತದೆ, ಮುಂದೆ ಏರುತ್ತ ಹೋಗುತ್ತದೆ.

ಮರುತುಂಬುವಿಕೆಯ ವಿಷಯದಲ್ಲಿ ಇನ್ನೊಂದು ತಮಾಷೆಯ ಲೆಕ್ಕವಿದೆ. ಚೆನ್ನಾಗಿ ಪಳಗಿದ ಸೈನಿಕ ಮದ್ದು ತುಂಬುವ ಕೋವಿಯಿಂದ ನಿಮಿಷಕ್ಕೆ ಸುಮಾರು ಮೂರು ಗುಂಡು ಹಾರಿಸುತ್ತಿದ್ದ. ಆಟದಲ್ಲಿ ಗನ್ನರ್ ಎಂಬ ಫೀಟ್ (ವಿಶೇಷ ಸಾಮರ್ಥ್ಯ) ಪಡೆದ ಹನ್ನೊಂದನೇ ಹಂತದ ಯೋಧ ಆರು ಸೆಕೆಂಡಿನ ಒಂದು ರೌಂಡಿನಲ್ಲಿ ಮೂರು ಹಾರಿಸುತ್ತಾನೆ, ಅಂದರೆ ನಿಮಿಷಕ್ಕೆ ಮೂವತ್ತು. ನೈಜತೆ ಬೇಕೆನ್ನುವವರು ಇದನ್ನು ತಡೆಯಲು ಹೋಗಿ, ಒಂದು ಗುಂಡಿಗೆ ಮೂರು ರೌಂಡ್ ತುಂಬಬೇಕು ಎಂಬ ಮನೆನಿಯಮ ತರುತ್ತಾರೆ. ಫಲ: ಆ ಆಟಗಾರ ಸುಮ್ಮನೆ ಕೂತು ಮೊಬೈಲ್ ನೋಡುತ್ತಾನೆ. ಇದಕ್ಕಿಂತ ಒಳ್ಳೆಯ ಉಪಾಯವೆಂದರೆ, ಕಾಳಗ ಶುರುವಾದಾಗ ಎರಡು ಮೂರು ಪಿಸ್ತೂಲು ತುಂಬಿ ಸೊಂಟಕ್ಕೆ ಸಿಕ್ಕಿಸಿರಲು ಬಿಟ್ಟು, ಖಾಲಿಯಾದದ್ದನ್ನು ಕಾಳಗದ ನಡುವೆ ತುಂಬಲಾಗದು ಎನ್ನುವುದು. ಮದ್ದಿನ ಕೋವಿಗಳ ಕಾಲದಲ್ಲಿ ಒಂದಕ್ಕಿಂತ ಹೆಚ್ಚು ಪಿಸ್ತೂಲು ಒಯ್ಯುತ್ತಿದ್ದದ್ದೂ ಈ ಕಾರಣಕ್ಕೇ. ಯಾವ ಗುಂಡನ್ನು ಯಾರಿಗೆ ಮೀಸಲಿಡಬೇಕು ಎಂಬ ತೀರ್ಮಾನ ಆಗ ಆಟಗಾರನದಾಗುತ್ತದೆ.

ಪಾತ್‌ಫೈಂಡರ್ ಮೊದಲ ಆವೃತ್ತಿ 2011ರಲ್ಲಿ ಗನ್‌ಸ್ಲಿಂಗರ್ ಎಂಬ ವರ್ಗವನ್ನೇ ತಂದಿತು. ಅಲ್ಲಿ ಹಳೆಯ ಬಗೆಯ ಬಂದೂಕು ಮೊದಲ ವ್ಯಾಪ್ತಿಯೊಳಗೆ ಕವಚವನ್ನು ಲೆಕ್ಕಿಸದೆ ಟಚ್ ಆರ್ಮರ್ ಕ್ಲಾಸ್ ಮೇಲೆ ತಗುಲುತ್ತದೆ. ಪಿಸ್ತೂಲಿನ ಆ ವ್ಯಾಪ್ತಿ 20 ಅಡಿ. ನಮ್ಮ ಮೂವತ್ತು ಅಡಿಯ ಪರೀಕ್ಷೆಯಲ್ಲಿ ಆ ಲಾಭ ಹೋಗುತ್ತದೆ, ಮೇಲೆ ಗುರಿಯ ದಾಳಕ್ಕೆ ಕಳೆ 2 (ಅಂದರೆ ಎರಡು ಅಂಕ ಕಡಿತ) ಬೀಳುತ್ತದೆ. ಗನ್‌ಸ್ಲಿಂಗರ್ ಆಡುವವರು ಸದಾ ಇಪ್ಪತ್ತು ಅಡಿಯೊಳಗೇ ಸುಳಿದಾಡಲು ಇದೇ ಕಾರಣ. ಅದನ್ನು ಒಪ್ಪಬಹುದು. ಒಪ್ಪಲಾಗದ್ದು ಮಿಸ್‌ಫೈರ್. ಮಸ್ಕೆಟ್‌ನಲ್ಲಿ ದಾಳದ ಮೇಲೆ 1 ಅಥವಾ 2 ಬಿದ್ದರೆ ಬಂದೂಕು ಕೆಡುತ್ತದೆ. ಕಾಗದದ ಕಾಡತೂಸು ಬಳಸಿದರೆ ಆ ಅಂಕಿ ಇನ್ನೊಂದು ಏರುತ್ತದೆ. ಕೆಟ್ಟ ಬಂದೂಕಿಗೆ ಮತ್ತೆ ನಾಲ್ಕು ಸೇರುತ್ತದೆ, ಆ ಸ್ಥಿತಿಯಲ್ಲಿ ಮತ್ತೊಮ್ಮೆ ಮಿಸ್‌ಫೈರ್ ಆದರೆ ಸ್ಫೋಟ. ಕಾಗದದ ಮೇಲೆ ಬಹಳ ನೈಜ. ಆದರೆ ಒಂದು ಗುಂಡು ಹಾರಿಸುವ ಹೊಸಬನಿಗೆ ರೌಂಡಿಗೆ ಶೇ 10ರ ಅಪಾಯವಾದರೆ, ಐದು ಗುಂಡು ಹಾರಿಸುವ ನಿಪುಣನಿಗೆ ಶೇ 41. ಪಳಗಿದಷ್ಟೂ ಬಂದೂಕು ಹೆಚ್ಚು ಕೆಡುತ್ತದೆ! ಇದನ್ನು ಸರಿಪಡಿಸಲು ರೌಂಡಿನ ಮೊದಲ ದಾಳಕ್ಕೆ ಮಾತ್ರ ಮಿಸ್‌ಫೈರ್ ನೋಡಿ, ಉಳಿದವಕ್ಕೆ ಬಿಟ್ಟುಬಿಡಿ.

2021ರಲ್ಲಿ ಎರಡನೇ ಆವೃತ್ತಿಗೆ ಬಂದೂಕುಗಳು ಬಂದಾಗ ವಿನ್ಯಾಸಕಾರರೇ ಇದನ್ನೆಲ್ಲ ಕೈಬಿಟ್ಟರು. ಟಚ್ ಲಾಭ ಇಲ್ಲ. ದಿನಕ್ಕೊಮ್ಮೆ ಒರೆಸಿಟ್ಟ ಬಂದೂಕು ತಾನಾಗಿ ಕೆಡುವುದಿಲ್ಲ. ಒರೆಸದಿದ್ದರೆ ಮಾತ್ರ ಪ್ರತಿ ಗುಂಡಿಗೆ ಗುರಿಸಂಖ್ಯೆ 5ರ ಫ್ಲ್ಯಾಟ್ ಚೆಕ್ (ಯಾವ ಅಂಕವೂ ಸೇರದ ದಾಳ). ಫ್ಲಿಂಟ್‌ಲಾಕ್ ಪಿಸ್ತೂಲಿನ ಡ್ಯಾಮೇಜ್ ಬರೀ 1ಡಿ4, ಆದರೆ ಕ್ರಿಟಿಕಲ್ (ತೀರಾ ಚೆನ್ನಾಗಿ ಬಿದ್ದ ಏಟು) ಆದರೆ ಫೇಟಲ್ ಗುಣದಿಂದ ದಾಳಗಳೇ ಡಿ8ಕ್ಕೆ ಬದಲಾಗಿ ಇನ್ನೊಂದು ಡಿ8 ಸೇರುತ್ತದೆ. ಬಹುಪಾಲು ಗುಂಡು ಸಣ್ಣಪುಟ್ಟ ಗಾಯ, ಆಗೊಮ್ಮೆ ಈಗೊಮ್ಮೆ ಘೋರ. ಬಂದೂಕಿನ ಸ್ವಭಾವಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ಹೊಸ ಆಟಗಾರರು ಮಾತ್ರ ಮೊದಲ ವಾರಗಳಲ್ಲಿ ಬಂದೂಕು ದುರ್ಬಲ ಎಂದು ದೂರುತ್ತಾರೆ. ಎದುರಾಳಿಯ ಆರ್ಮರ್ ಕ್ಲಾಸ್ ತಗ್ಗಿಸುವ ಜೊತೆಗಾರ ಪಕ್ಕದಲ್ಲಿದ್ದರೆ ಕ್ರಿಟಿಕಲ್ ಹೆಚ್ಚಿ ದೂರು ನಿಲ್ಲುತ್ತದೆ.

ಗರ್ಪ್ಸ್ ನಾಲ್ಕನೇ ಆವೃತ್ತಿ (2004) ನೈಜತೆಗೆ ಹೆಸರಾದ ಪುಸ್ತಕ. ಆ ಹೆಸರಿಗೆ ತಕ್ಕ ಕೆಲಸ ಮಾಡಿದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮೂರು ದಾಳ ಉರುಳಿಸಿ ಕೌಶಲದ ಅಂಕಿ ಅಥವಾ ಅದಕ್ಕಿಂತ ಕಡಿಮೆ ಬರಬೇಕು. ಗನ್ಸ್ ಕೌಶಲ 12 ಇದ್ದವನು ಹತ್ತು ಗಜಕ್ಕೆ ಕಳೆ 4 ಮಾಡಿದರೆ ಉಳಿದದ್ದು 8. ತಗುಲುವ ಸಾಧ್ಯತೆ ಶೇ 26. ಎದುರಿನವನ ಡಾಜ್ (ತಪ್ಪಿಸಿಕೊಳ್ಳುವ ಅಂಕಿ) 8 ಎಂದು ಹಿಡಿದರೆ ಅವನು ನಾಲ್ಕರಲ್ಲಿ ಒಂದನ್ನು ತಪ್ಪಿಸಿಕೊಳ್ಳುತ್ತಾನೆ. ಉಳಿದದ್ದು ಶೇ 19. ಮೇಲೆ ಹೇಳಿದ ನ್ಯೂಯಾರ್ಕ್ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ಈ ಆಟದ ಬುನಾದಿ ಎಷ್ಟು ಗಟ್ಟಿ ಎಂಬುದು ಗೊತ್ತಾಗುತ್ತದೆ. ಈಗ ಅದೇ ಗುರಿಕಾರ ಒಂದು ಸೆಕೆಂಡು ಗುರಿ ಹಿಡಿಯಲಿ: ಪಿಸ್ತೂಲಿನ ನಿಖರತೆ 2 ಸೇರಿ ಕೌಶಲ 10, ಸಾಧ್ಯತೆ ಶೇ 50. ಎರಡೂ ಕೈಯಲ್ಲಿ ಹಿಡಿದು ಊರಿಕೊಂಡರೆ ಇನ್ನೊಂದು ಅಂಕ, ಶೇ 62ರ ಮೇಲೆ. ಗುಂಡಿನ ಎದುರು ನೆಲಕ್ಕೆ ಬೀಳುವವನ ಡಾಜ್ 11ಕ್ಕೆ ಏರಿ ಅವನೂ ಶೇ 62 ಬಾರಿ ಉಳಿಯುತ್ತಾನೆ. ಗುರಿ ಹಿಡಿಯಲೇ, ಬೀಳಲೇ, ಈಗಲೇ ಹೊಡೆಯಲೇ? ಪ್ರತಿ ಸೆಕೆಂಡೂ ನಿಜವಾದ ಆಯ್ಕೆ.

ಗಾಯದ ನಿಯಮವೂ ಮಯಾಮಿಗೆ ಹತ್ತಿರ. 9 ಮಿಮೀ ಗುಂಡಿಗೆ 2ಡಿ+2, ಸರಾಸರಿ 9. ಮನುಷ್ಯನಿಗೆ 10 ಹಿಟ್ ಪಾಯಿಂಟ್. ಅರ್ಧಕ್ಕಿಂತ ಹೆಚ್ಚು ಹೋದರೆ ಆರೋಗ್ಯದ ಮೇಲೆ ದಾಳ, ಸೋತರೆ ಬಿದ್ದು ತತ್ತರಿಸುತ್ತಾನೆ. ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಬಾರಿ ಒಂದೇ ಗುಂಡು ಅಷ್ಟು ಕಳೆಯುತ್ತದೆ, ಬಿದ್ದವರು ಅವರಲ್ಲಿ ಅರ್ಧದಷ್ಟು. ಉಳಿದವರು ನಿಂತೇ ಇರುತ್ತಾರೆ, ಆದರೆ ಮೂರರಲ್ಲೊಂದು ಭಾಗಕ್ಕಿಂತ ಕಡಿಮೆ ಉಳಿದಾಗ ಓಟವೂ ಡಾಜ್ ಕೂಡ ಅರ್ಧವಾಗುತ್ತದೆ. ಖಚಿತ ಸಾವು ಬರುವುದು ಇನ್ನೂ ಬಹಳ ಕೆಳಗೆ, ಕಳೆ 50ಕ್ಕೆ.

ಹಾಗಾದರೆ ಕೊರತೆ ಎಲ್ಲಿ? ಒಂದು ಸೆಕೆಂಡಿನ ಸರದಿಯಲ್ಲಿ. ಮ್ಯಾಗಜೀನ್ ಬದಲಿಸಲು ಮೂರು ಸೆಕೆಂಡು, ಅಂದರೆ ಮೂರು ಸರದಿ. ನಾಲ್ಕು ಆಟಗಾರರು, ಆರು ಎದುರಾಳಿಗಳು ಇದ್ದರೆ ಆ ಮೂರು ಸರದಿ ಮುಗಿಯಲು ಟೇಬಲ್ ಮೇಲೆ ಇಪ್ಪತ್ತು ನಿಮಿಷವೂ ಹಿಡಿಯಬಹುದು. ಎರಡನೇ ತೊಡಕು ಬರ್ಸ್ಟ್. ಹಾರಿಸಿದ ಗುಂಡಿನ ಸಂಖ್ಯೆಗೆ ಒಂದು ಪಟ್ಟಿಯಿಂದ ಅಂಕ ಸೇರಿಸಬೇಕು (5ರಿಂದ 8ಕ್ಕೆ ಒಂದು, 9ರಿಂದ 12ಕ್ಕೆ ಎರಡು), ದೂರದ ಪಟ್ಟಿಯಿಂದ ಕಳೆಯಬೇಕು, ಗೆದ್ದ ಅಂತರವನ್ನು ರಿಕಾಯ್ಲ್ (ಬಂದೂಕಿನ ಒದೆತ) ಅಂಕಿಯಿಂದ ಭಾಗಿಸಿ ಹೆಚ್ಚುವರಿ ಗುಂಡು ಎಣಿಸಬೇಕು, ಆಮೇಲೆ ಡಾಜ್ ಎಷ್ಟನ್ನು ತಪ್ಪಿಸಿತು ಎಂದು ನೋಡಬೇಕು. ನಿಯಮ ಸರಿಯಾಗಿಯೇ ಇದೆ, ತಲೆಯಲ್ಲಿ ಮಾಡಬಾರದು ಅಷ್ಟೇ. ಪ್ರತಿ ಬಂದೂಕಿಗೂ ಒಂದು ಚೀಟಿ ಮಾಡಿ. 5, 10, 20, 50 ಗಜಕ್ಕೆ (ಕಳೆ 2, 4, 6, 8) ಕೌಶಲ ಎಷ್ಟು ಉಳಿಯುತ್ತದೆ ಎಂದು ಮೊದಲೇ ಬರೆದಿಡಿ. ಅರ್ಧ ಹೊರೆ ಅಲ್ಲೇ ಇಳಿಯುತ್ತದೆ. ಕಡಿಮೆ ಮುಖ್ಯರಾದ ಎದುರಾಳಿಗಳು ಮೊದಲ ದೊಡ್ಡ ಗಾಯಕ್ಕೇ ಬಿದ್ದರು ಎಂದು ತೀರ್ಮಾನಿಸಿಬಿಡಿ.

ನೈಜತೆಯ ಹಾದಿಯಲ್ಲಿ ಇನ್ನೂ ಮುಂದೆ ಹೋದರೆ ಏನಾಗುತ್ತದೆ ಎಂಬುದಕ್ಕೆ 1986ರ ಫೀನಿಕ್ಸ್ ಕಮಾಂಡ್ ಸಾಕ್ಷಿ. ಸಮಯವನ್ನು ಅರ್ಧ ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಗುಂಡು ದೇಹದ ಯಾವ ಭಾಗಕ್ಕೆ ಎಷ್ಟು ಆಳ ಇಳಿಯಿತು ಎಂದು ಪಟ್ಟಿಗಳಲ್ಲಿ ಹುಡುಕುವ ಆಟ. ಓದಲು ಸೊಗಸು. ಆದರೆ ಪಟ್ಟಿ ನೋಡಿ ಸಿಕ್ಕ ಉತ್ತರ ಮುಂದಿನ ಸರದಿಯ ತೀರ್ಮಾನವನ್ನು ಬದಲಿಸುವುದು ಅಪರೂಪ. ಸಂಗ್ರಹಕ್ಕೆ ಕೊಳ್ಳಿ, ಆಡಲು ಬೇಡ.

ಕಾಲ್ ಆಫ್ ಕ್ಥುಲು ಏಳನೇ ಆವೃತ್ತಿ ಕಡಿಮೆ ನಿಯಮದಲ್ಲಿ ಹೆಚ್ಚು ಭಯ ಹುಟ್ಟಿಸುತ್ತದೆ. ಕೌಶಲ ಶೇ 50, ಪಿಸ್ತೂಲಿನ ಮೂಲ ವ್ಯಾಪ್ತಿ 15 ಗಜ, ಡ್ಯಾಮೇಜ್ 1ಡಿ10, ಎದುರಿನವನಿಗೆ 11 ಹಿಟ್ ಪಾಯಿಂಟ್. ಮಾಮೂಲಿ ತಗುಲಿದರೆ ಒಂದು ಗುಂಡಿಗೆ ಅವನು ಸಾಯುವಂತಿಲ್ಲ. ಆದರೆ ಕೌಶಲದ ಐದನೇ ಒಂದು ಭಾಗ, ಅಂದರೆ ನೂರರ ದಾಳದಲ್ಲಿ 10 ಅಥವಾ ಕೆಳಗೆ ಬಿದ್ದರೆ ಇಂಪೇಲ್: ಗರಿಷ್ಠ 10ರ ಮೇಲೆ ಇನ್ನೊಂದು 1ಡಿ10. ಕನಿಷ್ಠ 11, ಒಂದೇ ಏಟಿಗೆ ಪೂರ್ತಿ ಹಿಟ್ ಪಾಯಿಂಟ್ ಹೋಗಿ ಸಾವಿನಂಚು; 11 ದಾಟಿದರೆ ನೇರ ಸಾವು. ಹತ್ತು ಗುಂಡಿಗೆ ಒಂದು. ಆರು ಮತ್ತು ಮೇಲಿನ ಡ್ಯಾಮೇಜ್ ಮೇಜರ್ ವೂಂಡ್ (ದೊಡ್ಡ ಗಾಯ). ಎದುರಿನವನು ಮರೆಗೆ ಹಾರಿ ಡಾಜ್ ಗೆದ್ದರೆ ಹೊಡೆಯುವವನಿಗೆ ಪೆನಾಲ್ಟಿ ದಾಳ (ಹೆಚ್ಚುವರಿ ದಾಳ, ಕೆಟ್ಟ ಅಂಕಿಯೇ ಲೆಕ್ಕಕ್ಕೆ), ಶೇ 50 ನೇರ ಶೇ 25ಕ್ಕೆ ಇಳಿಯುತ್ತದೆ. ಒಂದೇ ರೌಂಡಿನಲ್ಲಿ ಮೂರು ಗುಂಡು ಹಾರಿಸುವವನ ಪ್ರತಿ ಗುಂಡಿಗೂ ಅದೇ ದಂಡ. ಹನ್ನೆರಡು ಬೋರಿನ ಶಾಟ್‌ಗನ್ ಹತ್ತು ಗಜದೊಳಗೆ 4ಡಿ6. ತಗುಲಿದರೆ ಈ ಮನುಷ್ಯ ಶೇ 76 ಬಾರಿ ಅಲ್ಲೇ ಸಾಯುತ್ತಾನೆ. ಇಪ್ಪತ್ತು ಗಜಕ್ಕೆ ಅದು 2ಡಿ6, ಐವತ್ತಕ್ಕೆ 1ಡಿ6. ಇಷ್ಟೇ ನಿಯಮ, ಆಟಗಾರರು ಬಾಗಿಲ ಹಿಂದೆ ನಿಲ್ಲುವುದನ್ನು ತಾವಾಗಿ ಕಲಿಯುತ್ತಾರೆ.

ಸೈಬರ್‌ಪಂಕ್ ರೆಡ್ (2020) ನನಗೆ ಅರ್ಧ ಮಾತ್ರ ಒಪ್ಪಿಗೆ. ಮೆಚ್ಚುವ ಅರ್ಧ ವ್ಯಾಪ್ತಿಯ ಪಟ್ಟಿ. ಪಿಸ್ತೂಲಿಗೆ 6 ಮೀಟರಿನೊಳಗೆ ಗುರಿಸಂಖ್ಯೆ 13, 12ರವರೆಗೆ 15, 25ರವರೆಗೆ 20. ಅಸಾಲ್ಟ್ ರೈಫಲ್‌ಗೆ ಇದು ತಿರುಗುಮುರುಗು: ಹತ್ತಿರಕ್ಕೆ 17, 26ರಿಂದ 50 ಮೀಟರಿಗೆ 13. ಎಷ್ಟು ದೂರದಲ್ಲಿದ್ದೇನೆ ಎಂದು ಪ್ರತಿ ಆಟಗಾರ ಕೇಳತೊಡಗುತ್ತಾನೆ, ಜಾಗ ಬದಲಿಸುತ್ತಾನೆ. ಒಪ್ಪದ ಅರ್ಧ ಕವಚದ ಲೆಕ್ಕ. ನಮ್ಮ ಪರೀಕ್ಷೆಯ ಮೀಡಿಯಂ ಪಿಸ್ತೂಲಿಗೆ 2ಡಿ6. ಕೆವ್ಲಾರ್ 7 ತಡೆಯುತ್ತದೆ, ದಾಟಲು ಶೇ 42 ಸಾಧ್ಯತೆ. ಲೈಟ್ ಆರ್ಮರ್‌ಜ್ಯಾಕ್ 11 ತಡೆಯುತ್ತದೆ. 12 ಬಿದ್ದರೆ ಮಾತ್ರ ಒಂದು ಅಂಕ ಒಳಗೆ ಹೋಗುತ್ತದೆ, 36ರಲ್ಲಿ ಒಂದು ಬಾರಿ. 3ಡಿ6ರ ಹೆವಿ ಪಿಸ್ತೂಲು ಕೂಡ ಶೇ 37.5 ಬಾರಿ ಮಾತ್ರ ದಾಟುತ್ತದೆ. ದಾಟಿದ ಪ್ರತಿ ಏಟಿಗೂ ಕವಚ ಒಂದು ಅಂಕ ಸವೆಯುತ್ತದೆ, ಆದರೆ ದಾಟದ್ದು ಏನೂ ಮಾಡುವುದಿಲ್ಲ. ಎದುರಾಳಿಗಳೆಲ್ಲರಿಗೂ ಆರ್ಮರ್‌ಜ್ಯಾಕ್ ತೊಡಿಸುವ ಗೇಮ್ ಮಾಸ್ಟರ್ (ಆಟ ನಡೆಸುವವನು) ತಿಳಿಯದೆಯೇ ಸಣ್ಣ ಪಿಸ್ತೂಲನ್ನು ಆಟದಿಂದ ಓಡಿಸುತ್ತಾನೆ. ಮಾಮೂಲಿ ಪುಂಡರಿಗೆ 4 ತಡೆಯುವ ಚರ್ಮದ ಅಂಗಿ ಸಾಕು, ಕಾವಲುಗಾರರಿಗೆ ಕೆವ್ಲಾರ್. 11 ಮತ್ತು ಮೇಲಿನದನ್ನು ದೊಡ್ಡ ತಲೆಗಳಿಗೆ ಮೀಸಲಿಡಿ. ರಿಫ್ಲೆಕ್ಸ್ 8 ಇದ್ದವರು ಗುಂಡಿನಿಂದಲೂ ನುಣುಚಿಕೊಳ್ಳಬಹುದು ಎಂಬ ನಿಯಮ ನೈಜವಲ್ಲ, ಆದರೆ ಆ ಲೋಕಕ್ಕೆ ತಕ್ಕದ್ದು. ಇದನ್ನು ಹಾಗೇ ಬಿಡಿ.

ಡೆಲ್ಟಾ ಗ್ರೀನ್ ಬರ್ಸ್ಟ್ ಗುಂಡಿಗೆ ಇಡೀ ಪಟ್ಟಿಯ ಬದಲು ಒಂದೇ ದಾಳ ಕೊಡುತ್ತದೆ. ಲೀಥ್ಯಾಲಿಟಿ ಶೇ 10 ಎಂದರೆ ನೂರರ ದಾಳದಲ್ಲಿ 10 ಅಥವಾ ಕೆಳಗೆ ಬಿದ್ದರೆ ಮನುಷ್ಯ ಸತ್ತ. ಮೇಲೆ ಬಿದ್ದರೆ ಎರಡೂ ದಾಳದ ಅಂಕಿ ಕೂಡಿಸಿದ್ದು ಡ್ಯಾಮೇಜ್: 47 ಬಿದ್ದರೆ 11, 21 ಬಿದ್ದರೆ 3. ಮತ್ತೆ ದಾಳ ಎತ್ತಬೇಕಿಲ್ಲ. ಹತ್ತು ಹನ್ನೊಂದು ಹಿಟ್ ಪಾಯಿಂಟ್ ಇರುವವರಿಗೆ ಈ ಎರಡನೇ ದಾರಿಯೂ ಅರ್ಧ ಬಾರಿ ಮಾರಕ. ಇಷ್ಟು ಅಚ್ಚುಕಟ್ಟಾದ ನಿಯಮ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗುಂಡು ಎಣಿಸುವ ಬೇಸರಕ್ಕೆ ಉತ್ತರ ಕೊಟ್ಟದ್ದು ಟ್ವಿಲೈಟ್: 2000ರ ನಾಲ್ಕನೇ ಆವೃತ್ತಿ (2021). ಗುರಿಯ ದಾಳಗಳ ಜೊತೆಗೆ ಬಂದೂಕು ಗುಂಡು ಹಾರಿಸುವ ವೇಗದ ಮಿತಿಯೊಳಗೆ ಬೇಕಾದಷ್ಟು ಅಮ್ಮೋ ದಾಳ ಎತ್ತಿಕೊಳ್ಳಬಹುದು. ಅಮ್ಮೋ ದಾಳಗಳ ಮೊತ್ತವೇ ಖರ್ಚಾದ ಗುಂಡು. ಗುರಿ ಸಿಕ್ಕಾಗ ಅವುಗಳಲ್ಲಿ ಬಿದ್ದ ಆರುಗಳು ಹೆಚ್ಚುವರಿ ಏಟು. ಮೂರು ದಾಳ ಎತ್ತಿದರೆ ಸರಾಸರಿ ಹತ್ತು ಹನ್ನೊಂದು ಗುಂಡು ಹೋಗುತ್ತದೆ. ಮೂವತ್ತರ ಮ್ಯಾಗಜೀನ್ ಮೂರನೇ ಸರದಿಗೆ ಬರಿದಾಗುವ ಹೊತ್ತಿಗೆ ಆಟಗಾರನ ಕೈ ತಾನೇ ಹಿಂದೆ ಸರಿಯುತ್ತದೆ. ಗುಂಡಿನ ಮಳೆಗೆ ಸಿಕ್ಕವರು ಎದೆಗಾರಿಕೆಯ ದಾಳ ಉರುಳಿಸಬೇಕು, ಸೋತರೆ ತಲೆ ಎತ್ತುವಂತಿಲ್ಲ. ನಿಜವಾದ ಕಾಳಗಗಳಲ್ಲಿ ಬಹುಪಾಲು ಗುಂಡು ಮಾಡುವ ಕೆಲಸ ಇದೇ, ಮತ್ತು ಬಹುಪಾಲು ನಿಯಮಪುಸ್ತಕಗಳು ಮರೆಯುವುದೂ ಇದನ್ನೇ. ಬೇರೆ ಆಟ ಆಡುವವರೂ ಈ ಎರಡು ನಿಯಮಗಳನ್ನು ಎತ್ತಿಕೊಳ್ಳಬಹುದು. ಸ್ಯಾವೇಜ್ ವರ್ಲ್ಡ್ಸ್ ಗುಂಡಿನ ಖರ್ಚನ್ನು ವೇಗಕ್ಕೆ ಕಟ್ಟಿದೆ (ವೇಗ 2ಕ್ಕೆ 5 ಗುಂಡು, 3ಕ್ಕೆ 10), ಅದೂ ಚುರುಕಾಗಿ ನಡೆಯುತ್ತದೆ. ಆದರೆ ಶಾಟ್‌ಗನ್‌ಗೆ ಎಲ್ಲ ದೂರದಲ್ಲೂ ಗುರಿಗೆ ಕೂಡು 2 ಕೊಟ್ಟದ್ದು ಅತಿ. ಛರೆಗಳು ಹರಡುವುದು ಗಜಕ್ಕೆ ಸುಮಾರು ಒಂದು ಇಂಚು ಮಾತ್ರ. ಮೂರು ಗಜದಲ್ಲಿ ಅದು ಅಂಗೈಗಿಂತ ಸಣ್ಣದು, ರೈಫಲ್‌ನಷ್ಟೇ ಗುರಿ ಹಿಡಿಯಬೇಕು. ಮಧ್ಯಮ ದೂರಕ್ಕೆ ಮಾತ್ರ ಆ ಲಾಭ ಕೊಡಿ.

ಸೈಲೆನ್ಸರ್ ವಿಷಯದಲ್ಲಿ ಮಾತ್ರ ಯಾವ ಪುಸ್ತಕ ಕೊಂಡರೂ ಗೇಮ್ ಮಾಸ್ಟರ್ ಎಚ್ಚರವಾಗಿರಬೇಕು. ಬಂದೂಕಿನ ಸದ್ದು ಸುಮಾರು 160 ಡೆಸಿಬೆಲ್, ಸೈಲೆನ್ಸರ್ ತಗ್ಗಿಸುವುದು 20ರಿಂದ 35. ಪಕ್ಕದ ಕೋಣೆಗೆ ಖಂಡಿತ ಕೇಳುತ್ತದೆ. ಎರಡು ಗೋಡೆ ಆಚೆ ಅದು ಗುಂಡೋ ಬೇರೇನೋ ಎಂದು ಗುರುತಿಸುವುದು ಕಷ್ಟ. ಆದ್ದರಿಂದ ಕಾವಲುಗಾರರಿಗೆ ಕೇಳಿತೇ ಎಂದು ದಾಳ ಉರುಳಿಸುವ ಬದಲು, ಕೇಳಿದ್ದು ಏನೆಂದು ಅವರಿಗೆ ಗೊತ್ತಾಯಿತೇ ಎಂದು ಉರುಳಿಸಿ. ರಿವಾಲ್ವರ್‌ಗೆ ಸೈಲೆನ್ಸರ್ ಹಾಕುತ್ತೇನೆ ಎನ್ನುವ ಆಟಗಾರನಿಗೆ ಬೇಡ ಎನ್ನಿ: ಉರುಳೆಗೂ ನಳಿಕೆಗೂ ನಡುವಿನ ಸಂದಿಯಿಂದಲೇ ಸದ್ದು ಹೊರಬರುತ್ತದೆ. ಆ ಸಂದಿ ಮುಚ್ಚುವಂತೆ ಕಟ್ಟಿದ ರಷ್ಯಾದ 1895ರ ನಾಗಾಂತ್ ಅವನಿಗೆ ಸಿಕ್ಕರೆ ಆಗಬಹುದು, ಮತ್ತು ಅದನ್ನು ಹುಡುಕಿ ತರುವುದೇ ಒಂದು ಸಂಜೆಯ ಆಟವಾಗುತ್ತದೆ.